ಹುಡುಗಿಯರು ಗೋಡೆ ಜಿಗಿದರೆ ಗರ್ಭಚೀಲ ಜಾರುತ್ತದೆಯೇ?

ಇಂಥ ವಿಡಿಯೊ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಹದಿನಾಲ್ಕು-ಹದಿನೈದು ವರ್ಷದ ಹುಡುಗಿಯೊಬ್ಬಳು ಓಡಿ ಬಂದು, ಎದೆಯೆತ್ತರದ ಗೋಡೆಗೆ ಒಂದು ಕೈ ಊರಿ ಆಚೆ ಹಾರುತ್ತಾಳೆ. ನೆಲದ ಮೇಲೆ ಒಮ್ಮೆ ಉರುಳಿ ಎದ್ದು ಮತ್ತೆ ಓಡುತ್ತಾಳೆ. ಹತ್ತು ಸೆಕೆಂಡಿನ ವಿಡಿಯೊ. ಕೆಳಗೆ ನಾಲ್ಕೈದು ಚಪ್ಪಾಳೆಯ ಎಮೋಜಿ. ಆಮೇಲೆ ಯಾರೋ ಹಿರಿಯರ ಮಾತು: “ಹೆಣ್ಣಹುಡುಗ್ರು ಹಿಂಗ ಗ್ವಾಡಿ ಜಿಗದ್ರ ಗರ್ಭಚೀಲ ಜಾರತೈತಿ. ನಾಳೆ ಮಕ್ಕಳಾಗೂದಿಲ್ಲ.” ಅದರ ಬೆನ್ನಿಗೇ ‘ಡಾಕ್ಟರ್ ಹೇಳಿದ್ದು, ಎಲ್ಲರಿಗೂ ಕಳಿಸಿ’ ಎಂಬ ಉದ್ದನೆಯ ಫಾರ್ವರ್ಡ್.

ಯಾವ ಡಾಕ್ಟರ್ ಎಂದು ಅದರಲ್ಲಿ ಇರುವುದಿಲ್ಲ. ಆದರೆ ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಈ ಮಾತು ಹೊಸದೂ ಅಲ್ಲ. ಮೊಬೈಲ್ ಬರುವ ಎಷ್ಟೋ ಮೊದಲೇ ಮಾಳಿಗೆಯ ಮೆಟ್ಟಿಲಿನಿಂದ ಜಿಗಿದ ಮೊಮ್ಮಗಳಿಗೆ ಅಜ್ಜಿ ಇದನ್ನೇ ಹೇಳುತ್ತಿದ್ದರು. ಫಾರ್ವರ್ಡ್‌ ಅದಕ್ಕೆ ಡಾಕ್ಟರ ಕೋಟು ತೊಡಿಸಿದೆ, ಅಷ್ಟೆ.

ಹಾಗಾಗಿ ಒಂದೊಂದಾಗಿ ನೋಡೋಣ. ಉತ್ತರ ಮೊದಲೇ ಬೇಕಿದ್ದರೆ: ಜಿಗಿಯುವುದರಿಂದ ಹುಡುಗಿಯರ ಗರ್ಭಚೀಲ ಜಾರುವುದಿಲ್ಲ, ಬಂಜೆತನ ಬರುವುದಿಲ್ಲ. ಅಪಾಯ ಇರುವುದು ಬೇರೆ ಕಡೆ, ಮೊಣಕಾಲಿನಲ್ಲಿ. ಅದರ ಬಗ್ಗೆ ಆ ಫಾರ್ವರ್ಡ್‌ನಲ್ಲಿ ಒಂದು ಸಾಲೂ ಇರುವುದಿಲ್ಲ.

ಪಾರ್ಕೂರ್ ಎಂದರೆ ಏನು?

ವಿಡಿಯೊದಲ್ಲಿ ಕಾಣುವ ಆ ಆಟಕ್ಕೆ ಪಾರ್ಕೂರ್ ಎಂದು ಹೆಸರು. ‘ದಾರಿ’ ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ಇಲ್ಲಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ಗೋಡೆ, ಕಂಬಿ, ಮೆಟ್ಟಿಲು ಏನೇ ಬಂದರೂ ಸುತ್ತಿ ಹೋಗದೆ ಓಡಿ, ಹತ್ತಿ, ಹಾರಿ, ಉರುಳಿ ದಾಟುವುದು. ಸಿನಿಮಾ ನೋಡಿದವರಿಗೆ ಇದು ಕಟ್ಟಡದಿಂದ ಕಟ್ಟಡಕ್ಕೆ ಹಾರುವ ಹುಚ್ಚು ಸಾಹಸ ಅನ್ನಿಸುತ್ತದೆ. ಕಲಿಯುವವರು ತಿಂಗಳುಗಟ್ಟಲೆ ಮಾಡುವುದು ಮಾತ್ರ ಮೊಣಕಾಲೆತ್ತರದ ಕಟ್ಟೆಯಿಂದ ಇಳಿಯುವ ಅಭ್ಯಾಸ.

ಇದನ್ನು ಈಗಿನ ರೂಪಕ್ಕೆ ತಂದವರಲ್ಲಿ ಮುಖ್ಯರು ಫ್ರಾನ್ಸಿನ ದವೀದ್ ಬೆಲ್. ಅವರ ತಂದೆ ರೇಮಂಡ್ ಬೆಲ್ ಪ್ಯಾರಿಸ್‌ನ ಅಗ್ನಿಶಾಮಕ ದಳದಲ್ಲಿದ್ದವರು. ಇನ್ನೂ ಹಿಂದಕ್ಕೆ ಹೋದರೆ ಜಾರ್ಜ್ ಎಬೇರ್ ಎಂಬ ನೌಕಾಪಡೆಯ ಅಧಿಕಾರಿ ಸಿಗುತ್ತಾರೆ. ಓಟ, ಜಿಗಿತ, ಹತ್ತುವುದು, ಭಾರ ಎತ್ತುವುದು ಇವನ್ನೆಲ್ಲ ಸೇರಿಸಿ ‘ಸಹಜ ವ್ಯಾಯಾಮ’ದ ಪದ್ಧತಿಯೊಂದನ್ನು ಕಟ್ಟಿದವರು ಅವರು. ಅದನ್ನು ಅವರು ಗಂಡಸರಿಗೆ ಮಾತ್ರ ಎಂದು ಇಟ್ಟಿರಲಿಲ್ಲ. 1919ರಲ್ಲೇ ಹೆಣ್ಣುಮಕ್ಕಳ ವ್ಯಾಯಾಮದ ಬಗ್ಗೆ ಪ್ರತ್ಯೇಕ ಪುಸ್ತಕ ಬರೆದಿದ್ದರು. 2022ರ ಅಕ್ಟೋಬರ್‌ನಲ್ಲಿ ಟೋಕಿಯೊದಲ್ಲಿ ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟ ನಡೆಸಿದ ಮೊದಲ ಪಾರ್ಕೂರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ ಸ್ಪರ್ಧೆಗಳೂ ಇದ್ದವು. ಇರಾನಿನ ಟೆಹರಾನ್‌ನ ಉದ್ಯಾನಗಳಲ್ಲಿ ತಲೆವಸ್ತ್ರ ತೊಟ್ಟ ಯುವತಿಯರು ಗೋಡೆ ದಾಟುವುದನ್ನು ಕಲಿಯುತ್ತಿರುವುದು ಕಳೆದ ದಶಕದಲ್ಲೇ ಸುದ್ದಿಯಾಗಿತ್ತು.

ಇನ್ನು ನಮ್ಮ ಕಡೆ. ಹುಬ್ಬಳ್ಳಿಯಿಂದ ಹೆಚ್ಚು ದೂರವಿಲ್ಲದ ಲಕ್ಷ್ಮೇಶ್ವರ, ಬಾಗಲಕೋಟೆ ಹತ್ತಿರದ ತುಳಸಿಗೇರಿ ಮಲ್ಲಕಂಬಕ್ಕೆ ಹೆಸರಾದ ಊರುಗಳು. ಅಲ್ಲಿ ಹುಡುಗಿಯರೂ ಹಗ್ಗ ಏರಿ ತಲೆಕೆಳಗಾಗಿ ತೂಗುತ್ತಾರೆ. ಗದಗ, ಹಳಿಯಾಳದ ಹುಡುಗಿಯರು ಕುಸ್ತಿ ಹಿಡಿಯುತ್ತಾರೆ. ಅಷ್ಟೆಲ್ಲ ಏಕೆ, ನಾಗರಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿಯ ಮೇಲೆ ನಿಂತು ಮರದ ಟೊಂಗೆ ಮುಟ್ಟುವಷ್ಟು ಎತ್ತರಕ್ಕೆ ಜೀಕುತ್ತಾರಲ್ಲ, ಆಗ ಗರ್ಭಚೀಲದ ಮಾತನ್ನು ಯಾರೂ ಎತ್ತುವುದಿಲ್ಲ. ಮುಂದಿನ ವಾರ ಅದೇ ಹುಡುಗಿ ಕಂಪೌಂಡ್ ಹಾರಿದರೆ ಮಾತ್ರ ನೆನಪಾಗುತ್ತದೆ.

ಗರ್ಭಚೀಲ ಎಲ್ಲಿದೆ, ಯಾವುದು ಹಿಡಿದಿದೆ?

ಹೆರಿಗೆಯಾಗದ ಹುಡುಗಿಯ ಗರ್ಭಚೀಲ ಒಂದು ಸಣ್ಣ ಪೇರಲಹಣ್ಣಿನಷ್ಟು. ಉದ್ದ ಸುಮಾರು 7-8 ಸೆಂಟಿಮೀಟರ್. ಸೊಂಟದ ಎಲುಬುಗಳ ಬೋಗುಣಿಯೊಳಗೆ, ಮೂತ್ರಚೀಲ ಮತ್ತು ಗುದನಾಳದ ನಡುವೆ ಅದು ಕೂತಿದೆ. ಅದು ಸಡಿಲವಾಗಿ ನೇತಾಡುವ ಚೀಲವಲ್ಲ. ಗಟ್ಟಿ ನಾರಿನಂಥ ಪಟ್ಟಿಗಳು ಅದನ್ನು ಸೊಂಟದ ಎಲುಬುಗಳಿಗೆ ಬಿಗಿದಿವೆ. ಕೆಳಗಿನಿಂದ ಒಂದು ದಪ್ಪ ಸ್ನಾಯುಪದರ ಹೊರಸು ನೇಯ್ದ ಹಾಗೆ ಹರಡಿಕೊಂಡು ಎಲ್ಲವನ್ನೂ ಎತ್ತಿ ಹಿಡಿದಿದೆ. ಇದನ್ನು ಸೊಂಟದ ತಳದ ಸ್ನಾಯು ಎನ್ನೋಣ. ಜಿಗಿದಾಗ, ಕೆಮ್ಮಿದಾಗ, ಮಲಬದ್ಧತೆಯಲ್ಲಿ ತಿಣುಕಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ ಈ ಸ್ನಾಯುವಿನ ಮೇಲೆ ಬೀಳುತ್ತದೆ. ಆರೋಗ್ಯವಂತ ಹುಡುಗಿಯಲ್ಲಿ ಅದು ಬಿಗಿಗೊಂಡು ಆ ಒತ್ತಡವನ್ನು ತಡೆಯುತ್ತದೆ.

ಗರ್ಭಚೀಲ ಜಾರುವ ತೊಂದರೆ ಸುಳ್ಳೇನಲ್ಲ. ನಮ್ಮಲ್ಲಿ ಸಾವಿರಾರು ಹೆಂಗಸರು ಅದನ್ನು ಯಾರಿಗೂ ಹೇಳದೆ ಸಹಿಸಿಕೊಂಡಿದ್ದಾರೆ. ಆದರೆ ಅದಕ್ಕೆ ಕಾರಣಗಳು ಬೇರೆ. ಬಹು ಹೊತ್ತು ಎಳೆದ ಹೆರಿಗೆ, ಮೇಲಿಂದ ಮೇಲೆ ಹೆರಿಗೆ, ಮುಟ್ಟು ನಿಂತ ಮೇಲೆ ಸ್ನಾಯು ಸಡಿಲವಾಗುವುದು, ವರ್ಷಗಟ್ಟಲೆ ಕಾಡುವ ಕೆಮ್ಮು ಮತ್ತು ಮಲಬದ್ಧತೆ, ವರ್ಷಗಟ್ಟಲೆ ಭಾರ ಹೊರುವುದು. ಹೆರಿಗೆಯನ್ನೇ ಕಾಣದ ಹದಿಹರೆಯದ ಹುಡುಗಿಯಲ್ಲಿ ಇದು ತೀರಾ ಅಪರೂಪ. ಕಂಡರೂ ಹುಟ್ಟಿನಿಂದ ಬಂದ ದೋಷ ಇರುತ್ತದೆಯೇ ಹೊರತು ಗೋಡೆ ಹಾರಿದ್ದು ಕಾರಣವಾಗಿರುವುದಿಲ್ಲ.

ಇಲ್ಲಿ ಅಜ್ಜಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಅವರು ಈ ಮಾತನ್ನು ಗಾಳಿಯಿಂದ ಹಿಡಿದು ತಂದದ್ದಲ್ಲ. ಅವರ ಕಾಲದಲ್ಲಿ ಹದಿನಾರಕ್ಕೇ ಮದುವೆ, ಏಳೆಂಟು ಹೆರಿಗೆ, ಬಾಣಂತನ ಮುಗಿಯುವ ಮೊದಲೇ ಹೊಲದ ಕೆಲಸ, ತಲೆಯ ಮೇಲೆ ಮೇವಿನ ಹೊರೆ. ಓಣಿಯಲ್ಲಿ ಎಷ್ಟೋ ಹೆಂಗಸರಿಗೆ ಗರ್ಭಚೀಲ ಕೆಳಗೆ ಬಂದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ‘ಬಾಣಂತಿ ಭಾರ ಎತ್ತಬಾರದು, ಜಿಗಿಯಬಾರದು’ ಎಂಬುದು ಆ ಅನುಭವದಿಂದ ಬಂದ ಒಳ್ಳೆಯ ಮಾತು, ವೈದ್ಯರೂ ಅದನ್ನೇ ಹೇಳುತ್ತಾರೆ. ಅದು ಬಾಣಂತಿಯಿಂದ ಹನ್ನೆರಡು ವರ್ಷದ ಹುಡುಗಿಗೆ ಹರಿದು ಬಂದದ್ದೇ ತಪ್ಪು.

ಹಾಗೆಂದು ಜಿಗಿತಕ್ಕೂ ಸೊಂಟದ ತಳದ ಸ್ನಾಯುವಿಗೂ ಸಂಬಂಧವೇ ಇಲ್ಲ ಎಂದರೆ ನಾವೂ ಅರ್ಧ ಸತ್ಯ ಹೇಳಿದಂತೆ. ಸ್ವೀಡನ್ನಿನಲ್ಲಿ ಟ್ರಾಂಪೊಲೀನ್ ಮೇಲೆ ದಿನಾ ಗಂಟೆಗಟ್ಟಲೆ ಹಾರುವ 12ರಿಂದ 22 ವರ್ಷದ ಉನ್ನತ ಮಟ್ಟದ ಆಟಗಾರ್ತಿಯರನ್ನು ಕೇಳಿದಾಗ, 80 ಪ್ರತಿಶತ ಮಂದಿ ಅಭ್ಯಾಸದ ವೇಳೆ ಮೂತ್ರ ಸ್ವಲ್ಪ ಜಿನುಗುತ್ತದೆ ಎಂದಿದ್ದರು. 2002ರ ಅಧ್ಯಯನ ಇದು. ಅವರಲ್ಲಿ ಯಾರಿಗೂ ಹೆರಿಗೆ ಆಗಿರಲಿಲ್ಲ. ಸ್ನಾಯು ದಣಿದಾಗ ಆಗುವ ತೊಂದರೆ ಇದು, ಗರ್ಭಚೀಲ ಜಾರಿದ್ದರ ಗುರುತಲ್ಲ. ಮೂತ್ರ ತಡೆಹಿಡಿಯುವಾಗ ಬಿಗಿಯುವ ಸ್ನಾಯುವನ್ನು ಬಿಗಿದು ಸಡಿಲಿಸುವ ವ್ಯಾಯಾಮವನ್ನು ಫಿಸಿಯೊಥೆರಪಿಸ್ಟ್ ಬಳಿ ಸರಿಯಾಗಿ ಕಲಿತು ಮಾಡಿದರೆ ಹೆಚ್ಚಿನವರಲ್ಲಿ ಕಡಿಮೆಯಾಗುತ್ತದೆ. ಮಗಳು ಇದನ್ನು ಹೇಳಿಕೊಂಡರೆ ಗದರಿಸಬೇಡಿ. ಗದರಿಸಿದರೆ ಇನ್ನೊಮ್ಮೆ ಹೇಳುವುದಿಲ್ಲ.

ಇದು ಬರೀ ನಮ್ಮ ಅಜ್ಜಿಯರ ಭಯವೂ ಅಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಓಟ ನಡೆಯಿತು. ಓಡಿದವರು ದಣಿದು ಕುಸಿದರೆಂದು ಗುಲ್ಲೆಬ್ಬಿಸಿ ಅದನ್ನು ಕೈಬಿಟ್ಟರು. ಮತ್ತೆ ಬಂದದ್ದು 1960ರಲ್ಲಿ. 2005ರಲ್ಲಿ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಅಧ್ಯಕ್ಷರೇ, ಹಿಮದ ಇಳಿಜಾರಿನಿಂದ ಹಾರುವ ಸ್ಕೀ ಜಿಗಿತ ವೈದ್ಯಕೀಯ ದೃಷ್ಟಿಯಿಂದ ಹೆಂಗಸರಿಗೆ ತಕ್ಕದ್ದಲ್ಲವೆಂಬ ಅರ್ಥದ ಮಾತಾಡಿದ್ದರು. ಒಂಬತ್ತು ವರ್ಷದ ನಂತರ, 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಹೆಂಗಸರು ಹಾರಿದರು.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕಿದ್ದರೆ ಸಹನಾ ಕುಮಾರಿ ಇದ್ದಾರೆ. 2012ರಲ್ಲಿ ಹೈದರಾಬಾದಿನಲ್ಲಿ 1.92 ಮೀಟರ್ ಎತ್ತರ ಜಿಗಿದು ರಾಷ್ಟ್ರೀಯ ದಾಖಲೆ ಮಾಡಿ ಲಂಡನ್ ಒಲಿಂಪಿಕ್ಸ್‌ಗೆ ಹೋದವರು. ಹುಡುಗಿಯಾಗಿದ್ದಾಗಿನಿಂದ ಜಿಗಿದವರು, ತಾಯಿಯಾದ ಮೇಲೆ ದಾಖಲೆ ಬರೆದರು. ಅವರ ಮಗಳು ಪಾವನಾ ನಾಗರಾಜ್ 2024ರ ಏಷ್ಯನ್ 20 ವರ್ಷದೊಳಗಿನವರ ಕೂಟದಲ್ಲಿ ಉದ್ದ ಜಿಗಿತದ ಚಿನ್ನ ಗೆದ್ದಳು. ಫಾರ್ವರ್ಡ್‌ ಕಳಿಸಿದ ಕಾಕಾನಿಗೆ ಈ ಪ್ಯಾರಾ ಒಂದನ್ನೇ ಕಳಿಸಿದರೂ ಸಾಕು.

ಬಾಯಿಬಿಟ್ಟು ಹೇಳದ ಭಯ

ಕೆಲವು ಮನೆಗಳಲ್ಲಿ ಗರ್ಭಚೀಲ ಬರೀ ನೆಪ. ಒಳಗಿರುವ ಭಯ ಕನ್ಯಾಪೊರೆಯದು: ಜಿಗಿದರೆ, ಸೈಕಲ್ ತುಳಿದರೆ ಅದು ಹರಿಯುತ್ತದೆ, ನಾಳೆ ಮದುವೆಯಲ್ಲಿ ಪ್ರಶ್ನೆ ಬರುತ್ತದೆ ಎಂಬುದು. ಇದನ್ನೂ ಬಿಡಿಸಿ ಹೇಳಿಬಿಡೋಣ. ಕನ್ಯಾಪೊರೆ ಡಬ್ಬಿಯ ಮೇಲಿನ ಮುಚ್ಚಳ ಅಲ್ಲ. ಯೋನಿಯ ಬಾಯಿಯ ಸುತ್ತ ಅಂಚಿನ ಹಾಗೆ ಇರುವ ತೆಳು ಅಂಗಾಂಶ ಅದು. ಮುಚ್ಚಳವಾಗಿದ್ದರೆ ಮುಟ್ಟಿನ ರಕ್ತ ಹೊರಬರುವುದಾದರೂ ಹೇಗೆ? ಅದರ ಆಕಾರ ಒಬ್ಬೊಬ್ಬರಲ್ಲಿ ಒಂದೊಂದು ಬಗೆ, ವಯಸ್ಸಿನ ಜೊತೆ ಬದಲಾಗುತ್ತದೆ. ಅದನ್ನು ನೋಡಿ ಯಾರೊಬ್ಬರ ಲೈಂಗಿಕ ಬದುಕಿನ ಬಗ್ಗೆಯೂ ಹೇಳಲು ಯಾವ ವೈದ್ಯರಿಗೂ ಸಾಧ್ಯವಿಲ್ಲ.

ಇದು ನಮ್ಮ ಅಭಿಪ್ರಾಯವಲ್ಲ. ‘ಕನ್ಯತ್ವ ಪರೀಕ್ಷೆ’ಗೆ ವೈಜ್ಞಾನಿಕ ಆಧಾರವಿಲ್ಲ, ಅದನ್ನು ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2018ರಲ್ಲಿ ಹೇಳಿದವು. ಅತ್ಯಾಚಾರದ ಸಂತ್ರಸ್ತೆಯರ ಮೇಲೆ ನಡೆಸುತ್ತಿದ್ದ ಎರಡು ಬೆರಳಿನ ಪರೀಕ್ಷೆಗೂ ಆಧಾರವಿಲ್ಲ, ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆ ಎಂದು ನಮ್ಮ ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್ 31ರಂದು ಹೇಳಿತು.

ನಿಜವಾದ ಅಪಾಯ: ಮೊಣಕಾಲು

ಈಗ ಫಾರ್ವರ್ಡ್‌ ಹೇಳದ ಸಂಗತಿಗೆ ಬರೋಣ. ಮೊಣಕಾಲಿನ ನಡುವೆ ತೊಡೆಯೆಲುಬನ್ನೂ ಕಣಕಾಲಿನ ಎಲುಬನ್ನೂ ಹಿಡಿದಿಡುವ ಒಂದು ಕಟ್ಟು ಇದೆ, ವೈದ್ಯರು ಎಸಿಎಲ್ ಎನ್ನುತ್ತಾರೆ. ಮೈನೆರೆದ ನಂತರದ ವಯಸ್ಸಿನಲ್ಲಿ, ಜಿಗಿದು ತಿರುಗುವ ಆಟಗಳಲ್ಲಿ ಇದು ಹರಿಯುವ ಸಾಧ್ಯತೆ ಹುಡುಗರಿಗಿಂತ ಹುಡುಗಿಯರಲ್ಲಿ ಎರಡು ಪಟ್ಟಿಗೂ ಹೆಚ್ಚು. ಬಹಳ ಸಲ ಯಾರೂ ಡಿಕ್ಕಿ ಹೊಡೆದಿರುವುದಿಲ್ಲ. ನೆಲಕ್ಕೆ ಇಳಿಯುವಾಗ ಕಾಲು ನೆಟ್ಟಗಿದ್ದು, ಮೊಣಕಾಲು ಒಳಮುಖವಾಗಿ ವಾಲಿದ್ದರೆ ಸಾಕು.

ಒಂದು ಸಣ್ಣ ಲೆಕ್ಕ ಮಾಡಿ. 45 ಕಿಲೋ ತೂಕದ ಹುಡುಗಿ 60 ಸೆಂ.ಮೀ. ಎತ್ತರದ, ಅಂದರೆ ಎರಡು ಅಡಿಯ ಕಟ್ಟೆಯಿಂದ ಜಿಗಿಯುತ್ತಾಳೆ. ಕಾಲು ಸೆಟೆಸಿಕೊಂಡು ಧಪ್ ಎಂದು ನಿಂತರೆ ಅವಳ ದೇಹ ಸುಮಾರು 5 ಸೆಂ.ಮೀ. ಅಂತರದಲ್ಲಿ ನಿಲ್ಲಬೇಕಾಗುತ್ತದೆ. ಬಿದ್ದ ಎತ್ತರವನ್ನು ನಿಂತ ಅಂತರದಿಂದ ಭಾಗಿಸಿದರೆ 12. ಅವಳದೇ ತೂಕದ ಒಂದು ಪಾಲು ಸೇರಿಸಿದರೆ 13. ಅಂದರೆ ಕಾಲಿನ ಮೇಲೆ ಸರಾಸರಿ 585 ಕಿಲೋ ಭಾರ ಹೊತ್ತಂತೆ. ಅದೇ ಹುಡುಗಿ ಮುಂಗಾಲಿನ ಮೇಲೆ ಇಳಿದು, ಮೊಣಕಾಲು-ಸೊಂಟ ಮಡಚುತ್ತ 30 ಸೆಂ.ಮೀ. ತಗ್ಗಿ ನಿಂತರೆ? 60ನ್ನು 30ರಿಂದ ಭಾಗಿಸಿ, ಒಂದು ಸೇರಿಸಿ: 3 ಪಟ್ಟು, 135 ಕಿಲೋ. ಕಟ್ಟೆ ಅದೇ, ಹುಡುಗಿ ಅವಳೇ.

ಪಾರ್ಕೂರ್‌ನಲ್ಲಿ ಮೊದಲು ಕಲಿಸುವುದು ಇದನ್ನೇ. ಹೆಚ್ಚು ಎತ್ತರವಿದ್ದರೆ ಒಂದು ಭುಜದಿಂದ ಎದುರಿನ ಸೊಂಟದವರೆಗೆ ಓರೆಯಾಗಿ ಉರುಳಿ ಆ ವೇಗವನ್ನು ಮುಂದಕ್ಕೆ ಹರಿಯಬಿಡುತ್ತಾರೆ. ನ್ಯೂಜಿಲೆಂಡಿನಲ್ಲಿ 2013ರಲ್ಲಿ ಅಳೆದು ನೋಡಿದಾಗ, ಮಾಮೂಲಿ ಇಳಿತಕ್ಕಿಂತ ಪಾರ್ಕೂರ್ ಇಳಿತದಲ್ಲಿ ನೆಲದ ಹೊಡೆತ ಕಡಿಮೆಯಿತ್ತು. ಸರಿಯಾದ ಅಭ್ಯಾಸ ಹುಡುಗಿಯರನ್ನು ಕಾಯುತ್ತದೆ ಎಂಬುದಕ್ಕೂ ಪುರಾವೆ ಇದೆ. ನಾರ್ವೆಯಲ್ಲಿ 13ರಿಂದ 17 ವರ್ಷದ ಫುಟ್‌ಬಾಲ್ ಹುಡುಗಿಯರಿಗೆ ಜಿಗಿತ, ಸಮತೋಲನ, ಕಾಲಿನ ಬಲ ಸೇರಿಸಿದ ವಾರ್ಮಪ್ ಕಲಿಸಿದಾಗ ಗಂಭೀರ ಗಾಯಗಳು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದವು. ಅದು 2008ರಲ್ಲಿ ಪ್ರಕಟವಾದ ಅಧ್ಯಯನ. ‘ಜಿಗೀಬ್ಯಾಡ’ ಎನ್ನುತ್ತಲೇ ಬೆಳೆಸಿದ ಹುಡುಗಿಗೆ ಇಳಿಯುವುದು ಹೇಗೆ ಎಂಬುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಒಂದು ದಿನ ಕಾಲೇಜಿನ ಕ್ರೀಡಾಕೂಟದಲ್ಲೋ ಬಸ್ಸಿನ ಮೆಟ್ಟಿಲಿನಿಂದಲೋ ಅವಳು ಜಿಗಿದೇ ಜಿಗಿಯುತ್ತಾಳೆ.

ಎಲುಬಿನ ಬ್ಯಾಂಕು

ಜಿಗಿಯದಿದ್ದರೆ ಆಗುವ ನಷ್ಟ ಇದಕ್ಕಿಂತ ದೊಡ್ಡದು, ಮತ್ತು ಅದು ಕಾಣಿಸುವುದು ಐವತ್ತು ವರ್ಷದ ನಂತರ.

ಎಲುಬಿನ ಖನಿಜವನ್ನು ದೇಹ ಹೆಚ್ಚಾಗಿ ಕೂಡಿಡುವುದು ಬೆಳೆಯುವ ವಯಸ್ಸಿನಲ್ಲಿ. ಹುಡುಗಿಯರಲ್ಲಿ ಹನ್ನೆರಡು-ಹದಿಮೂರರ ಆಸುಪಾಸಿನ ಎರಡೇ ವರ್ಷದಲ್ಲಿ, ದೊಡ್ಡವಳಾದಾಗ ಇರುವ ಒಟ್ಟು ಖನಿಜದ ಸುಮಾರು ನಾಲ್ಕನೇ ಒಂದು ಭಾಗ ಜಮೆಯಾಗುತ್ತದೆ. ಮುಟ್ಟು ನಿಂತ ಮೇಲೆ ಖರ್ಚು ಶುರು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಯರು ಯಾವ ಓಣಿಯಲ್ಲಿ ಇಲ್ಲ ಹೇಳಿ.

ಎಲುಬಿಗೆ ‘ಗಟ್ಟಿಯಾಗು’ ಎಂದು ಹೇಳುವುದು ಅದರ ಮೇಲೆ ಬೀಳುವ ಭಾರ. ಜಿಗಿತದ ಹಾಗೆ ಕ್ಷಣಮಾತ್ರದ ಜೋರು ಭಾರವಾದರೆ ಇನ್ನೂ ಚೆನ್ನ. ಅಮೆರಿಕದ ಒರೆಗಾನ್‌ನಲ್ಲಿ 6ರಿಂದ 10 ವರ್ಷದ ಮಕ್ಕಳಿಗೆ 61 ಸೆಂ.ಮೀ. ಎತ್ತರದ ಪೆಟ್ಟಿಗೆಯಿಂದ ಪ್ರತಿ ಸಲಕ್ಕೆ 100 ಜಿಗಿತ, ವಾರಕ್ಕೆ ಮೂರು ದಿನ, ಏಳು ತಿಂಗಳು ಮಾಡಿಸಿದರು. ಬರೀ ಮೈ ಹಿಗ್ಗಿಸುವ ವ್ಯಾಯಾಮ ಮಾಡಿದ ಮಕ್ಕಳಿಗಿಂತ ಇವರ ತೊಡೆಯೆಲುಬಿನ ಕುತ್ತಿಗೆಯಲ್ಲಿ ಖನಿಜ ಸುಮಾರು 4.5 ಪ್ರತಿಶತ ಹೆಚ್ಚು ಕೂಡಿತ್ತು. ಅಜ್ಜಿಯರು ಬಿದ್ದಾಗ ಮುರಿಯುವುದು ಅದೇ ಜಾಗ. 2001ರಲ್ಲಿ ಪ್ರಕಟವಾದ ಅಧ್ಯಯನ ಇದು. ನೆನಪಿಡಿ, ಆ ಪೆಟ್ಟಿಗೆಯ ಎತ್ತರ ಎರಡೇ ಅಡಿ. ಎಲುಬಿಗೆ ಬೇಕಾದದ್ದು ಅಷ್ಟೇ, ಎರಡನೇ ಮಹಡಿಯಲ್ಲ.

ನಮ್ಮಲ್ಲಿ ಆಗುವುದೇನು? ಐದನೆಯ ಇಯತ್ತೆಯವರೆಗೆ ಕುಂಟಾಬಿಲ್ಲೆ, ಹಗ್ಗದಾಟ ಎಲ್ಲ ನಡೆಯುತ್ತದೆ. ಮೈನೆರೆದ ತಿಂಗಳಿನಿಂದ “ಇನ್ನ ಸಾಕು, ದೊಡ್ಡಾಕಿ ಆದಿ” ಎನ್ನುತ್ತಾರೆ. ಆ ಎರಡು ಬಂಗಾರದ ವರ್ಷಗಳು ಬರುವುದೂ ಸರಿಯಾಗಿ ಆಗಲೇ.

ಮುಟ್ಟಿನ ದಿನಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಆಗ ಜಿಗಿದರೆ ಹಾನಿಯಿಲ್ಲ. ನಿಯಮಿತ ವ್ಯಾಯಾಮ ಮಾಡುವವರಲ್ಲಿ ಮುಟ್ಟಿನ ಹೊಟ್ಟೆನೋವು ಕಡಿಮೆ ಎಂದೇ ಅಧ್ಯಯನಗಳು ಹೇಳುತ್ತವೆ. ಬೇಡವೆನಿಸಿದರೆ ಆ ದಿನ ಬಿಡಲಿ, ಅದು ಅವಳ ಇಷ್ಟ. ಗಮನ ಕೊಡಬೇಕಾದದ್ದು ಊಟಕ್ಕೆ. ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಎರಡು ಸುತ್ತು ಓಡುವಷ್ಟರಲ್ಲಿ ಹುಡುಗಿಗೆ ಏದುಸಿರು, ತಲೆಸುತ್ತು ಬಂದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹೆಚ್ಚು ಅಭ್ಯಾಸ, ಕಡಿಮೆ ಊಟ ಸೇರಿ ಮೂರು ತಿಂಗಳು ಮುಟ್ಟು ನಿಂತರೆ ಅದು ದೇಹಕ್ಕೆ ಶಕ್ತಿ ಸಾಲುತ್ತಿಲ್ಲ ಎಂಬ ಸೂಚನೆ ಇರಬಹುದು. ವೈದ್ಯರಿಗೆ ತೋರಿಸಿ. ಕಾಳು-ಸೊಪ್ಪು, ಶೇಂಗಾ ಚಿಕ್ಕಿ, ಎಳ್ಳು, ಹಾಲು-ಮೊಸರಿನಲ್ಲಿ ಕೈ ಹಿಡಿಯಬೇಡಿ.

ಎಲ್ಲಿ, ಹೇಗೆ ಶುರು ಮಾಡಬೇಕು?

ಮೊದಲು ಕನ್ನಡಿ ಮುಂದೆ. ಒಂದು ಕಾಲಿನ ಮೇಲೆ ನಿಂತು ನಿಧಾನ ಅರ್ಧ ಕೂರಲು ಹೇಳಿ. ಮೊಣಕಾಲು ಪಾದದ ನೇರಕ್ಕೇ ಇದೆಯೋ, ಒಳಗೆ ವಾಲುತ್ತದೆಯೋ ನೋಡಿ. ವಾಲಿದರೆ ಕೆಲವು ವಾರ ಕೂತೇಳುವ ವ್ಯಾಯಾಮ ಮಾಡಿ ತೊಡೆ, ಪಿರ್ರೆಗೆ ಬಲ ಬರಲಿ. ಆಮೇಲೆ ಒಂದು ಅಡಿಯ ಮೆಟ್ಟಿಲಿನಿಂದ ಸದ್ದಾಗದಂತೆ ಇಳಿಯುವ ಅಭ್ಯಾಸ. ಕಣ್ಣು ಮುಚ್ಚಿ ಕೇಳಿದರೂ ತಪ್ಪು ಗೊತ್ತಾಗುತ್ತದೆ: ಧಪ್ ಎಂದರೆ ತಪ್ಪು. ಇಪ್ಪತ್ತು ಸಲ ಸದ್ದಿಲ್ಲದೆ ಇಳಿದ ಮೇಲಷ್ಟೇ ಎರಡು ಅಡಿ. ಉರುಳುವುದನ್ನು ಜಿಮ್ನಾಸ್ಟಿಕ್ಸ್, ಮಲ್ಲಕಂಬ ಅಥವಾ ಕುಸ್ತಿ ಕಲಿಸುವವರ ಬಳಿ ಮ್ಯಾಟ್ ಮೇಲೆ ಕಲಿಯುವುದು ಒಳ್ಳೆಯದು. ಗರಡಿಯ ಹದ ಮಾಡಿದ ಮಣ್ಣಿಗಿಂತ ಒಳ್ಳೆಯ ನೆಲ ಸಿಗುವುದಿಲ್ಲ, ಒಳಗೆ ಬಿಟ್ಟರೆ.

ಮೈದಾನ, ಉದ್ಯಾನದ ಹುಲ್ಲು ಆಗಬಹುದು. ಚಿಗರಿ ಬಸ್ ಓಡುವ ಪಥದ ಕಂಬಿಗಳು ಬೇಡವೇ ಬೇಡ. ಧಾರವಾಡದ ಮಳೆಗೆ ಪಾಚಿ ಕಟ್ಟಿದ ಗೋಡೆ, ಮೇಲೆ ಗಾಜಿನ ಚೂರು ಕೂರಿಸಿದ ಕಂಪೌಂಡ್, ಮಾಳಿಗೆಯ ಅಂಚು, ಇವೂ ಬೇಡ. ಓಢಣಿ, ಬಳೆ, ಉದ್ದ ಕಿವಿಯೋಲೆ ತೆಗೆದಿಟ್ಟು, ಜಾರದ ಅಟ್ಟೆಯ ಬೂಟು ಹಾಕಿಕೊಳ್ಳಲಿ. ಗರ್ಭಿಣಿಯರು, ಹೊಸ ಬಾಣಂತಿಯರು, ಕೆಳಗೆ ಏನೋ ಜಾರಿದಂತೆ ಅನ್ನಿಸುವವರು ವೈದ್ಯರನ್ನು ಕೇಳದೆ ಜಿಗಿಯಬಾರದು.

ಇಳಿದಾಗ ಮೊಣಕಾಲಿನೊಳಗೆ ‘ಟಪ್’ ಎಂದು ಸದ್ದಾಗಿ, ಕೆಲವೇ ಗಂಟೆಗಳಲ್ಲಿ ಬಾತುಕೊಂಡರೆ ಅದು ಎಸಿಎಲ್ ಗಾಯ ಇರಬಹುದು. ಎಣ್ಣೆ ಹಚ್ಚಿ ತಿಕ್ಕಿಸಬೇಡಿ, ಎಲುಬು ಕೂಡಿಸುವವರ ಹತ್ತಿರ ಎಳೆಸಬೇಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು, ಆ ಕಾಲಿನ ಮೇಲೆ ಭಾರ ಹಾಕದೆ, ಎಲುಬಿನ ವೈದ್ಯರಿಗೆ ತೋರಿಸಿ. ಹುಬ್ಬಳ್ಳಿಯ ಕೆಎಂಸಿಆರ್‌ಐನಲ್ಲೂ (ಹಿಂದಿನ ಕಿಮ್ಸ್) ಧಾರವಾಡದ ಜಿಲ್ಲಾಸ್ಪತ್ರೆಯಲ್ಲೂ ಆ ವಿಭಾಗ ಇದೆ.